ವಿಜಯಪುರದಿಂದ ಆಗ್ರಾಕ್ಕೆ ಹೋದ ಒಂದು ಚಂಚಿ

ನಮ್ಮ ಆಯಿಯ ಚಂಚಿಗೆ ಐದು ಕಿಸೆ ಇದ್ದವು. ಹೊರಗಿನದು ಎಲೆಗೆ. ಅದರ ಒಳಗಿನದು ಅಡಿಕೆಗೆ. ಒಂದರಲ್ಲಿ ಸುಣ್ಣದ ಡಬ್ಬಿ. ಇನ್ನೊಂದರಲ್ಲಿ ಲವಂಗ, ಯಾಲಕ್ಕಿ, ಜೊತೆಗೆ ಮೊಮ್ಮಕ್ಕಳು ಅತ್ತರೆ ಕೊಡೋದಕ್ಕೆ ಒಂದಿಷ್ಟು ಎಂಟಾಣೆ ನಾಣ್ಯ. ಎಲ್ಲಕ್ಕಿಂತ ಒಳಗಿನ ಕಿಸೆ ತಂಬಾಕಿಗೆ. ಆ ಕಿಸೆಗೆ ನಾವು ಕೈ ಹಾಕುವಂತಿರಲಿಲ್ಲ. ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಆಯಿ ತಾನೇ ಹೊಲಿದುಕೊಂಡಿದ್ದ ಚಂಚಿ ಅದು. ದಾರ ಜಗ್ಗಿದರೆ ಬಾಯಿ ಮುಚ್ಚುತ್ತಿತ್ತು.

ಆಯಿ ಹೋಗಿ ಬಹಳ ವರ್ಷ ಆಯಿತು. ಚಂಚಿ ನನ್ನ ಹತ್ತಿರ ಇದೆ. ಅದನ್ನ ಮತ್ತೆ ಕೈಗೆತ್ತಿಕೊಳ್ಳುವ ಹಾಗೆ ಮಾಡಿದ್ದು ನಾನೂರು ವರ್ಷದ ಹಿಂದಿನ ಒಂದು ಕಥೆ. ಅದನ್ನ ಯಾರಿಗಾದರೂ ಹೇಳದೆ ಇರೋಕೆ ಆಗ್ತಿಲ್ಲ.

ನಾನು ನಿಪ್ಪಾಣಿ ಕಡೆಯವಳು. ಬ್ಯಾಂಕ್ ಕೆಲಸದ ಮೇಲೆ ವಿಜಯಪುರಕ್ಕೆ ಬಂದು ಆರು ವರ್ಷ ಆಯಿತು. ಈ ಊರಲ್ಲಿ ಇದ್ದವರ ಮನೆಗೆ ನೆಂಟರು ಜಾಸ್ತಿ. ಬಂದವರಿಗೆಲ್ಲ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ತೋರಿಸಬೇಕು. ತೋರಿಸಿದ ಮೇಲೆ ಅವರು ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿರಲಿ ಅಂತ, ಹಿಂದೆ ಈ ಊರನ್ನ ಆಳಿದ ಆದಿಲಶಾಹಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಹಾಗೆ ಓದುವಾಗ ಅಸದ್ ಬೇಗ್ ಸಿಕ್ಕ.

ಅಸದ್ ಬೇಗ್ ಮೊಘಲ್ ಬಾದಶಹ ಅಕ್ಬರನ ಕಡೆಯ ಮನುಷ್ಯ. ಪರ್ಷಿಯಾದ ಖಜ್ವೀನ್ ಊರಿನ ಮೂಲದವನು. ಬಹಳ ವರ್ಷ ಅಕ್ಬರನ ಆಪ್ತ ಮಂತ್ರಿ ಅಬುಲ್ ಫಜಲನ ಕೈಕೆಳಗೆ ಕೆಲಸ ಮಾಡಿದ್ದ. 1602ರಲ್ಲಿ ಅಬುಲ್ ಫಜಲನ ಕೊಲೆಯಾದಾಗ, ಜೊತೆಗಿದ್ದು ಕಾಪಾಡಲಿಲ್ಲ ಅಂತ ಅಕ್ಬರ ಇವನ ಮೇಲೆ ಕೆಂಡವಾಗಿದ್ದ. ಆಮೇಲೆ ಸಿಟ್ಟು ಇಳಿದು ಇವನಿಗೆ ಒಂದು ನಾಜೂಕಿನ ಕೆಲಸ ವಹಿಸಿದ. ವಿಜಯಪುರಕ್ಕೆ ಹೋಗಬೇಕು, ಎರಡನೇ ಇಬ್ರಾಹಿಂ ಆದಿಲಶಾಹನ ಮಗಳನ್ನ ಕರೆತರಬೇಕು. ಆಕೆಗೂ ಅಕ್ಬರನ ಮಗ ದಾನಿಯಾಲನಿಗೂ ಮದುವೆ ಗೊತ್ತಾಗಿತ್ತು. ಮೊದಲೇ ಕಳಿಸಿದ್ದ ರಾಯಭಾರಿ ಇಲ್ಲೇ ಕಾಲ ಕಳೆಯುತ್ತ ಉಳಿದುಬಿಟ್ಟಿದ್ದ. ಈ ಊರು ಬಿಟ್ಟು ಹೋಗೋಕೆ ಅವನಿಗೆ ಮನಸ್ಸೇ ಇದ್ದಂತಿಲ್ಲ.

ಯಾಕೆ ಅಂತ ಅಸದ್ ಬೇಗ್ ಬರೆದ ಪುಟ ಓದಿದರೆ ಗೊತ್ತಾಗುತ್ತದೆ. ತಾನು ಇಳಿದುಕೊಂಡಿದ್ದ ಮನೆಯ ಪಕ್ಕದ ಬಜಾರ್ ಹೇಗಿತ್ತು ಅಂತ ಅವನು ಬಾಯಿ ತುಂಬ ಹೊಗಳಿದ್ದಾನೆ. 30 ಗಜ ಅಗಲ, 2 ಕೋಸ್ ಉದ್ದ. ಅಂದರೆ ಸುಮಾರು ಐದಾರು ಕಿಲೋಮೀಟರ್ ಉದ್ದದ ಒಂದೇ ಬಜಾರ್. ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಗಿಡ. ಎಲ್ಲ ಕಡೆ ಸ್ವಚ್ಛ. ಬಂಗಾರದ ಅಂಗಡಿಯಲ್ಲಿ ಗಿಳಿ, ಪಾರಿವಾಳ, ನವಿಲಿನ ಆಕಾರದ ರತ್ನದ ಒಡವೆಗಳನ್ನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟಿದ್ದರಂತೆ. ಅದರ ಪಕ್ಕ ರೊಟ್ಟಿ ಸುಡುವವನ ಅಂಗಡಿ, ಅದರಾಚೆ ಬಟ್ಟೆ ಅಂಗಡಿ, ಆಮೇಲೆ ಹಣ್ಣು, ಪಿಸ್ತಾ, ಬಾದಾಮಿ, ಕಲ್ಲುಸಕ್ಕರೆ. ಮಧ್ಯೆ ಮದ್ಯದಂಗಡಿ, ಚೀನೀ ಪಿಂಗಾಣಿ, ಗಾಜಿನ ಸೀಸೆ. ಹಾಡುವವರು, ಕುಣಿಯುವವರು. ಇಷ್ಟೆಲ್ಲ ಜನ ಕುಡಿದು ಕುಣಿದರೂ ಒಬ್ಬರಿಗೊಬ್ಬರು ಜಗಳ ಆಡಲಿಲ್ಲ ಅಂತ ಅವನು ಬರೆಯುತ್ತಾನೆ. ನನಗೆ ಬಹಳ ಹಿಡಿಸಿದ ಸಾಲು ಅದೇ.

ಬ್ಯಾಂಕಿನಿಂದ ಮನೆಗೆ ಹೋಗುವಾಗ ಗಾಂಧಿ ಚೌಕದಲ್ಲಿ ಸಂಜೆ ಹೊತ್ತು ನಿಂತು ಆ ಬಜಾರನ್ನ ನೆನೆಸಿಕೊಳ್ಳುತ್ತೇನೆ. ದ್ರಾಕ್ಷಿ ಗಾಡಿ, ಆಟೋ, ಸಿದ್ಧೇಶ್ವರ ಗುಡಿ ಕಡೆಗೆ ಹೊರಟ ಜನ. ಈ ನೆಲದ ಮೇಲೇ ಎಲ್ಲೋ ಆ ಅಂಗಡಿಗಳ ಸಾಲು ಇತ್ತು ಅಂದುಕೊಂಡರೆ ಮೈ ಜುಮ್ ಅನ್ನುತ್ತದೆ.

ಆ ಬಜಾರ್ ಇದ್ದ ಊರಿನ ದೊರೆ ಇಬ್ರಾಹಿಂ ಸಂಗೀತದ ಹುಚ್ಚಿನವನು. ಜನ ಅವನನ್ನ ಜಗದ್ಗುರು ಬಾದಶಹ ಅನ್ನುತ್ತಿದ್ದರು. ಸರಸ್ವತಿ, ಗಣಪತಿಯನ್ನ ನೆನೆದು ಹಾಡು ಕಟ್ಟಿದವನು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಅಸದ್ ಬೇಗ್ ಭೇಟಿಗೆ ಹೋದಾಗ ದೊರೆ ಹಾಡು ಕೇಳುತ್ತ ಕೂತಿದ್ದ. ಎಷ್ಟು ಮೈಮರೆತಿದ್ದ ಅಂದರೆ ಬಂದವನ ಮಾತಿಗೆ ಉತ್ತರ ಕೊಡೋದೂ ಕಷ್ಟವಾಗಿತ್ತು. ಕೊನೆಗೆ ಅವನು ಕೇಳಿದ್ದು ರಾಜ್ಯದ ವಿಷಯ ಅಲ್ಲ. ನಿಮ್ಮ ತಾನಸೇನ ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ, ಕೂತು ಹಾಡುತ್ತಿದ್ದನೋ? ದರ್ಬಾರಿನಲ್ಲಿ ನಿಂತೇ ಹಾಡಬೇಕು, ರಾತ್ರಿ ಹೊತ್ತು ಮತ್ತು ಹಬ್ಬದ ದಿನ ಕೂರಬಹುದು ಅಂತ ಅಸದ್ ಬೇಗ್ ಹೇಳಿದ. ಹಾಡುವವರನ್ನ ಯಾವಾಗಲೂ ಸಂತೋಷವಾಗಿ ಇಟ್ಟುಕೊಳ್ಳಬೇಕು ಅಂತ ಇಬ್ರಾಹಿಂ ಅಂದ. ನಿಂತು ಹಾಡುವವರ ಕಾಲು ನೋಯುತ್ತದೆ ಅಂತ ಯೋಚನೆ ಮಾಡುವ ದೊರೆ ಎಷ್ಟು ಜನ ಸಿಗುತ್ತಾರೆ?

ಇನ್ನು ನನ್ನ ಕಥೆಗೆ ಬೇಕಾದದ್ದು. ಇಬ್ರಾಹಿಂ ಅಸದ್ ಬೇಗನಿಗೆ ಕೊಟ್ಟ ಉಡುಗೊರೆಗಳಲ್ಲಿ ಒಂದು ವೀಳ್ಯದ ಚೀಲ ಇತ್ತು. ಬಹಳ ಕುಸುರಿ ಕೆಲಸದ್ದು. ಇಂಗ್ಲಿಷ್ ಅನುವಾದದಲ್ಲಿ ಎಲೆ ಅಡಿಕೆ ಚೀಲ ಅನ್ನೋ ಅರ್ಥದ ಮಾತಿದೆ. ನಾನು ಅದನ್ನ ಚಂಚಿ ಅಂತಲೇ ಓದಿಕೊಂಡೆ. ಮತ್ತೇನು ಅದು? ಚಂಚಿಯೇ ಅಲ್ವಾ?

ಅಸದ್ ಬೇಗ್ ಆ ಚಂಚಿಯಲ್ಲಿ ಎಲೆ ಅಡಿಕೆ ಇಡಲಿಲ್ಲ. ವಿಜಯಪುರದಲ್ಲಿ ಅವನ ಕಣ್ಣಿಗೆ ಒಂದು ಹೊಸ ಪದಾರ್ಥ ಬಿದ್ದಿತ್ತು. ಹಿಂದುಸ್ತಾನದಲ್ಲಿ ಅವನು ಎಂದೂ ನೋಡಿರದ ಪದಾರ್ಥ. ತಂಬಾಕು. ಚಂಚಿ ತುಂಬ ಅದನ್ನೇ ತುಂಬಿಕೊಂಡ. ಒಂದು ಎಲೆಗೆ ಬೆಂಕಿ ತಾಗಿಸಿದರೆ ಸಾಕು, ಎಲ್ಲವೂ ಉರಿಯುವಷ್ಟು ಒಳ್ಳೆಯ ತಂಬಾಕು ಅಂತ ಬರೆದಿದ್ದಾನೆ.

ತಂಬಾಕು ಅಮೆರಿಕದ ಗಿಡ. ನಮ್ಮ ಮೆಣಸಿನಕಾಯಿ ಹಾಗೆಯೇ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಗೋವಾ ಮೊದಲು ಆದಿಲಶಾಹಿಗಳ ಕೈಯಲ್ಲೇ ಇತ್ತು, 1510ರಲ್ಲಿ ಪೋರ್ಚುಗೀಸರ ಪಾಲಾಯಿತು. ಬಂದರು ಕೈಬಿಟ್ಟರೂ ಅಲ್ಲಿನ ಸಾಮಾನು ಘಟ್ಟ ಹತ್ತಿ ಇಲ್ಲಿಗೆ ಬರುತ್ತಲೇ ಇತ್ತು. ಹಾಗಾಗಿ ಆಗ್ರಾದವರಿಗೆ ಹೊಸದಾಗಿದ್ದು ವಿಜಯಪುರದವರಿಗೆ ಆಗಲೇ ಗೊತ್ತಿತ್ತು.

1604ರಲ್ಲಿ ರಾಜಕುಮಾರಿಯ ದಿಬ್ಬಣ ಹೊರಟಿತು. ಅದರ ಜೊತೆ ಹೋದವರಲ್ಲಿ ಇತಿಹಾಸ ಬರೆದ ಫೆರಿಶ್ತಾ ಕೂಡ ಇದ್ದ. ಅವನು ಇದೇ ಊರಿನ ಆಸ್ಥಾನದವನು. ಗೋದಾವರಿ ದಂಡೆಯ ಪೈಠಣದಲ್ಲಿ ಮದುವೆ ಆಯಿತು. ಪಾಪ, ಆ ಹುಡುಗಿಯ ಸಂಸಾರ ಬಹಳ ದಿನ ನಡೆಯಲಿಲ್ಲ. ದಾನಿಯಾಲ್ ವಿಪರೀತ ಕುಡುಕ. ಕುಡಿತ ಬಿಡಿಸಬೇಕು ಅಂತ ಸುತ್ತ ಕಾವಲು ಹಾಕಿದ್ದರು. ಅವನ ಆಳು ಕೋವಿಯ ನಳಿಗೆಯಲ್ಲಿ ಸಾರಾಯಿ ತುಂಬಿ ಕದ್ದು ತಂದುಕೊಟ್ಟ. ಆ ಕೋವಿ ದಾನಿಯಾಲನಿಗೆ ಬಹಳ ಪ್ರೀತಿಯದು. ಅದಕ್ಕೆ ಅವನೇ ಇಟ್ಟಿದ್ದ ಹೆಸರಿನಲ್ಲಿ ಜನಾಜಾ ಅನ್ನೋ ಮಾತಿತ್ತು, ಅಂದರೆ ಹೆಣ ಹೊರುವ ಚಟ್ಟ. ನಳಿಗೆಯ ತುಕ್ಕು, ಮದ್ದಿನ ಪುಡಿ ಎಲ್ಲ ಸಾರಾಯಿಯಲ್ಲಿ ಬೆರೆತಿತ್ತು. ಅದನ್ನ ಕುಡಿದು ಮಲಗಿದವನು ಏಳಲಿಲ್ಲ. ಇದನ್ನ ಬರೆದಿಟ್ಟವನು ಅವನ ಅಣ್ಣ ಜಹಾಂಗೀರ್.

ಅಸದ್ ಬೇಗ್ ಆಗ್ರಾಕ್ಕೆ ಮರಳಿದ. ತಂದ ಉಡುಗೊರೆಗಳನ್ನೆಲ್ಲ ಬಾದಶಹನ ಮುಂದೆ ಹರಡಿದ. ಅದರಲ್ಲಿ ಒಂದು ಬೆಳ್ಳಿ ತಟ್ಟೆ. ತಟ್ಟೆಯ ಮೇಲೆ ತಂಬಾಕಿನ ಚಂಚಿ, ಪಕ್ಕದಲ್ಲಿ ಸೇದುವ ನಳಿಗೆ. ಆ ನಳಿಗೆಯನ್ನ ಅವನು ಎಷ್ಟು ಆಸೆಯಿಂದ ಮಾಡಿಸಿದ್ದ ಅಂತ ನೋಡಿ. ಮೂರು ಮೊಳ ಉದ್ದದ ಕೊಳವೆ, ಸುಮಾತ್ರಾದ ಅಚಿನ್ ಊರಿನಿಂದ ಬಂದದ್ದು, ಎರಡೂ ತುದಿಗೆ ರತ್ನ ಮತ್ತು ಮೀನಾ ಕೆಲಸ. ಬಾಯಿಗೆ ಇಡುವ ತುದಿಗೆ ಯೆಮನ್ ದೇಶದ ಅಕೀಕು ಕಲ್ಲು. ಬೆಂಕಿ ಇಡೋಕೆ ಬಂಗಾರದ ಬಟ್ಟಲು. ಕೊಳವೆ ಇಡೋಕೆ ಬೆಳ್ಳಿಯ ಕವಚ, ಅದರ ಮೇಲೆ ನೇರಳೆ ಮಖಮಲ್.

ಅಕ್ಬರನ ಕಣ್ಣು ಅದರ ಮೇಲೆ ಬಿತ್ತು. ಇದೇನು ಅಂತ ಕೇಳಿದ.

ಉತ್ತರ ಕೊಟ್ಟವನು ಖಾನ್-ಎ-ಆಜಮ್ ಮಿರ್ಜಾ ಅಜೀಜ್ ಕೋಕಾ. ಅಕ್ಬರನ ಜೊತೆ ಒಂದೇ ದಾಯಿಯ ಹಾಲು ಕುಡಿದು ಬೆಳೆದವನು. ಇದು ತಂಬಾಕು, ಮೆಕ್ಕಾ ಮದೀನಾದಲ್ಲಿ ಎಲ್ಲರಿಗೂ ಗೊತ್ತು, ಇವನು ಇದನ್ನ ತಮಗೆ ಔಷಧ ಅಂತ ತಂದಿದ್ದಾನೆ ಅಂದ.

ಔಷಧ. ಓದುವಾಗ ಈ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಕ್ಬರ ನಳಿಗೆ ತುಂಬಿಸಿಕೊಂಡು ಬಾಯಿಗಿಟ್ಟ. ಕೂಡಲೇ ಅವನ ಹಕೀಮ ಓಡಿ ಬಂದು ಬೇಡ ಅಂದ. ತಂದವನ ಮನಸ್ಸು ನೋಯಬಾರದು, ಸ್ವಲ್ಪ ಸೇದುತ್ತೇನೆ ಅಂತ ಅಕ್ಬರ ಎರಡು ಮೂರು ಸಲ ಎಳೆದ. ಹಕೀಮನಿಗೆ ಸಂಕಟ. ಇನ್ನು ಎಳೆಯೋಕೆ ಅವನು ಬಿಡಲಿಲ್ಲ. ನಳಿಗೆ ಖಾನ್-ಎ-ಆಜಮನ ಕೈಗೆ ಹೋಯಿತು, ಅವನೂ ಎರಡು ಮೂರು ಸಲ ಎಳೆದ. ಆಮೇಲೆ ಅಕ್ಬರ ಔಷಧ ತಯಾರಿಸುವವನನ್ನ ಕರೆಸಿ ಇದರ ಗುಣ ಏನು ಅಂತ ಕೇಳಿದ. ನಮ್ಮ ಗ್ರಂಥಗಳಲ್ಲಿ ಇದರ ಹೆಸರೇ ಇಲ್ಲ, ಇದು ಹೊಸದು, ಯುರೋಪಿನ ವೈದ್ಯರು ಬಹಳ ಹೊಗಳಿದ್ದಾರೆ ಅಂತ ಅವನು ಹೇಳಿದ.

ಅಲ್ಲಿಂದ ವಾದ ಶುರುವಾಯಿತು. ಪರೀಕ್ಷೆ ಮಾಡದ ಔಷಧ ಇದು, ಗುಣ ಗೊತ್ತಿಲ್ಲದ್ದನ್ನ ಬಾದಶಹರಿಗೆ ಹೇಗೆ ಕೊಡಲಿ ಅನ್ನೋದು ಹಕೀಮನ ಮಾತು. ಯುರೋಪಿನವರು ತಿಳಿಯದೆ ಏನೂ ಮಾಡುವಷ್ಟು ದಡ್ಡರಲ್ಲ, ಅವರಲ್ಲೂ ಜಾಣರಿದ್ದಾರೆ ಅಂತ ಅಸದ್ ಬೇಗ್. ಅವರನ್ನ ನೋಡಿ ನಾವು ನಡೆಯಬೇಕಿಲ್ಲ, ನಮ್ಮ ತಿಳಿದವರು ಪರೀಕ್ಷಿಸಿ ಒಪ್ಪಲಿ ಅಂತ ಹಕೀಮ. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು, ಚೋಪಚೀನಿ ಬೇರು ಕೂಡ ಮೊದಲು ಯಾರಿಗೂ ಗೊತ್ತಿರಲಿಲ್ಲ, ಈಗ ಎಷ್ಟು ರೋಗಕ್ಕೆ ಕೊಡುತ್ತಾರೆ ನೋಡಿ ಅಂತ ಅಸದ್ ಬೇಗ್.

ಅಕ್ಬರ ಅಸದ್ ಬೇಗನ ಪಕ್ಷ ವಹಿಸಿದ. ಬೇರೆ ದೇಶದ ಜಾಣರು ಒಪ್ಪಿದ್ದನ್ನ ನಮ್ಮ ಪುಸ್ತಕದಲ್ಲಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕಿದರೆ ನಾವು ಮುಂದೆ ಹೋಗೋದು ಹೇಗೆ ಅನ್ನೋ ಅರ್ಥದ ಮಾತು ಆಡಿದ.

ಎಂಥ ಚೆಂದದ ಮಾತು! ಯಾವ ಶಾಲೆಯ ಗೋಡೆ ಮೇಲೆ ಬರೆದರೂ ಒಪ್ಪುತ್ತದೆ. ಆದರೆ ಆ ದಿನ ಆ ಮಾತು ಹೊರಟಿದ್ದು ತಂಬಾಕಿನ ಪರವಾಗಿ. ಪುಸ್ತಕ ಹಿಡಿದುಕೊಂಡ ಹಳೆಯ ಕಾಲದವನ ಹಾಗೆ ಕಂಡ ಆ ಹಕೀಮನೇ ಸರಿ ಇದ್ದ. ಪರೀಕ್ಷೆ ಮಾಡಿ ಅಂತ ತಾನೇ ಅವನು ಕೇಳಿದ್ದು? ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ ಅಂತ ಅಸದ್ ಬೇಗನೇ ಬರೆದಿದ್ದಾನೆ. ಬರೆದು, ಅದರ ಮುಂದೆ ಒಂದು ಮಾತು ಸೇರಿಸಿದ್ದಾನೆ: ಆದರೂ ಅವನು ಒಳ್ಳೆಯ ವೈದ್ಯ. ವಾದದಲ್ಲಿ ಗೆದ್ದವನು ಸೋತವನ ಬಗ್ಗೆ ಇಷ್ಟು ಬರೆದನಲ್ಲ, ಅದಕ್ಕೆ ನಾನು ಅಸದ್ ಬೇಗನನ್ನ ಅರ್ಧ ಕ್ಷಮಿಸಿದ್ದೇನೆ.

ಮುಂದಿನದು ಬೇಗ ನಡೆದುಹೋಯಿತು. ಅಸದ್ ಬೇಗ್ ತಂಬಾಕು, ನಳಿಗೆ ಬೇಕಾದಷ್ಟು ತಂದಿದ್ದ. ಸರದಾರರಿಗೆಲ್ಲ ಹಂಚಿದ. ಸಿಗದವರು ಹೇಳಿ ಕಳಿಸಿ ತರಿಸಿಕೊಂಡರು. ವ್ಯಾಪಾರಿಗಳು ಮಾರೋಕೆ ಶುರು ಮಾಡಿದರು. ಅಕ್ಬರ ಮಾತ್ರ ರೂಢಿ ಮಾಡಿಕೊಳ್ಳಲಿಲ್ಲ. 1605ರಲ್ಲಿ ಅವನು ತೀರಿಕೊಂಡ. ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇದಬಾರದು ಅಂತ ಆಜ್ಞೆ ಹೊರಡಿಸಿದ. ಇರಾನಿನ ಷಾ ಅಬ್ಬಾಸನೂ ತನ್ನ ದೇಶದಲ್ಲಿ ನಿಷೇಧಿಸಿದ್ದ. ಜಹಾಂಗೀರನ ರಾಯಭಾರಿ ಖಾನ್ ಆಲಮ್ ಮಾತ್ರ ಇರಾನಿಗೆ ಹೋದಾಗಲೂ ನಳಿಗೆ ಬಿಟ್ಟು ಇರಲಾರದವನು. ಕೊನೆಗೆ ಅವನೊಬ್ಬನಿಗೆ ಷಾ ವಿನಾಯಿತಿ ಕೊಡಬೇಕಾಯಿತು. ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ತಂಬಾಕಿನ ವಿರುದ್ಧ ಪುಸ್ತಿಕೆ ಅಚ್ಚು ಹಾಕಿಸಿದ್ದೂ ಇಲ್ಲಿ ದಿಬ್ಬಣ ಹೊರಟ ಅದೇ 1604ರಲ್ಲಿ. ಮೂರು ದೊರೆಗಳು ಬೇಡ ಅಂದರು. ಯಾರೂ ಬಿಡಲಿಲ್ಲ.

ಈಗ ಔಷಧದ ಮಾತು.

ನಮ್ಮ ಕಡೆ ಹೆಂಗಸರು ಸೇದುವುದಿಲ್ಲ. ಮಿಶ್ರಿ ಹಚ್ಚುತ್ತಾರೆ. ತಂಬಾಕನ್ನ ತವೆ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ, ಬೆರಳಿಂದ ಹಲ್ಲಿಗೆ, ವಸಡಿಗೆ ತಿಕ್ಕುವುದು. ಆಯಿ ಹುರಿಯುವ ದಿನ ಮನೆಯಲ್ಲಿ ಕೂರೋಕೆ ಆಗುತ್ತಿರಲಿಲ್ಲ. ಆ ಘಾಟಿಗೆ ಕಣ್ಣಲ್ಲಿ ನೀರು, ಕೆಮ್ಮು. ನಾವು ಮಕ್ಕಳೆಲ್ಲ ಹಿತ್ತಲಿಗೆ ಓಡುತ್ತಿದ್ದೆವು. ಆಯಿ ಮುಂಜಾನೆ ಒಂದು ಸಲ, ಊಟ ಆದ ಮೇಲೆ ಒಂದು ಸಲ, ಸಂಜೆ ಕಟ್ಟೆ ಮೇಲೆ ಕೂತು ಒಂದು ಸಲ ಮಿಶ್ರಿ ತಿಕ್ಕುತ್ತಿದ್ದಳು. ಹದಿನಾರರ ವಯಸ್ಸಿಗೆ ಹಲ್ಲು ನೋವು ಬಂದಾಗ ಅವಳ ಅತ್ತೆ ಹಚ್ಚಿದ್ದಂತೆ. "ಚಟ ಅಲ್ಲವ್ವಾ ಇದು, ಹಲ್ಲಿಗೆ ಔಷಧ" ಅನ್ನುತ್ತಿದ್ದಳು.

ನಾನು ಕಾಲೇಜು ಓದುವಾಗ ಅವಳ ಕೆನ್ನೆಯ ಒಳಗೆ ಒಂದು ಹುಣ್ಣು ಆಯಿತು. ಖಾರ ತಿನ್ನೋಕೆ ಆಗಲಿಲ್ಲ. ರೊಟ್ಟಿಯನ್ನ ಹಾಲಲ್ಲಿ ನೆನೆಸಿ ತಿಂದಳು. ಹುಣ್ಣು ಮಾಯಲಿಲ್ಲ. ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬಾಯಿ ನೋಡಿದವರೇ, "ತಂಬಾಕು ತಿಂತೀರೇನು ಅಮ್ಮಾ?" ಅಂತ ಕೇಳಿದರು.

"ಇಲ್ರೀ ಸಾಹೇಬ್ರ, ಮಿಶ್ರಿ ಅಷ್ಟ ಹಚ್ಚತೇನಿ" ಅಂದಳು ಆಯಿ.

ಅವಳು ಸುಳ್ಳು ಹೇಳಲಿಲ್ಲ. ಅವಳ ಮಟ್ಟಿಗೆ ಅದು ತಂಬಾಕು ಅಲ್ಲವೇ ಅಲ್ಲ. ಚಂಚಿಯ ಒಳಗಿನ ಕಿಸೆ ತನಗಲ್ಲ, ಮನೆಗೆ ಬಂದವರಿಗೆ ಕೊಡೋಕೆ ಅಂತ ನಂಬಿದ್ದಳು. ಅದರಿಂದಲೇ ತೆಗೆದು ಹುರಿಯುತ್ತಿದ್ದಳು ಅನ್ನೋದು ಅವಳ ಲೆಕ್ಕಕ್ಕೆ ಬರಲೇ ಇಲ್ಲ. ಎಂಟು ತಿಂಗಳು ಇದ್ದಳು. ಕೊನೆಗೆ ಮಾತು ನಿಂತಿತ್ತು. ಕೈ ಮಾಡಿ ಹೇಳುತ್ತಿದ್ದಳು.

ನಮ್ಮದು ತಂಬಾಕು ಬೆಳೆದ ಮನೆತನ. ನಿಪ್ಪಾಣಿ ಸುತ್ತಲಿನ ಕಪ್ಪು ಮಣ್ಣಲ್ಲಿ ಬೀಡಿ ತಂಬಾಕು ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ಸಸಿ ನಾಟಿ, ಕುಡಿ ಚಿವುಟಿ, ಬಿಸಿಲಲ್ಲಿ ಒಣಗಿಸಿ, ವಖಾರಿಗೆ ಹಾಕಬೇಕು. ಕುಡಿ ಚಿವುಟಿ ಬಂದ ದಿನ ಅವ್ವನ ಬೆರಳು ಅಂಟಂಟು, ಎಷ್ಟು ತೊಳೆದರೂ ಅವಳು ಕೊಟ್ಟ ತುತ್ತು ಕಹಿ. ವಖಾರಿಯಲ್ಲಿ ತಂಬಾಕು ಜರಡಿ ಹಿಡಿಯುವ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಧೂಳಿನಲ್ಲಿ ಕೂರುತ್ತಿದ್ದರು. 1981ರಲ್ಲಿ ಬೆಲೆ ಸಿಗದೆ ನಮ್ಮ ಕಡೆಯ ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿ ಮೇಲೇ ಕೂತರು. ಏಪ್ರಿಲ್ 6ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಅಪ್ಪ ಆ ಹೆದ್ದಾರಿಯಲ್ಲಿ ಇದ್ದರು. ಆ ದಿನದ ಬಗ್ಗೆ ಅವರು ಇವತ್ತಿಗೂ ಒಂದೇ ಉಸಿರಿನಲ್ಲಿ ಮಾತಾಡಲಾರರು.

ಹಾಗಾಗಿ ಅಸದ್ ಬೇಗನ ಕಥೆಯನ್ನ ಮೊದಲು ಹೇಳಿದ್ದು ಅಪ್ಪನಿಗೆ, ಫೋನಿನಲ್ಲಿ. ಬೆಳ್ಳಿ ತಟ್ಟೆ, ರತ್ನದ ನಳಿಗೆ, ಚಂಚಿ, ಹಕೀಮ, ಎಲ್ಲ ಹೇಳಿದೆ. ಅಪ್ಪ ಮಧ್ಯೆ ಮಾತಾಡಲಿಲ್ಲ. ಮುಗಿದ ಮೇಲೆ ಕೇಳಿದರು.

"ಅದನ್ನ ಬೆಳದಾವ ಯಾರು? ಅವಗ ದರಾ ಏನ್ ಸಿಕ್ಕಿತ್ತಂತ?"

ನಾನು ಓದಿದ ಪುಟಗಳಲ್ಲಿ ಅದು ಇರಲಿಲ್ಲ. ಯೆಮನ್ ಕಲ್ಲಿನ ಲೆಕ್ಕ ಇದೆ, ಮಖಮಲ್ಲಿನ ಬಣ್ಣ ಇದೆ. ಹಾಗಂತ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ, "ಆ ಹಕೀಮ ಹೇಳಿದ್ದ ಖರೆ ಇತ್ತ ಬಿಡು" ಅಂದರು. ಈ ವರ್ಷ ಅರ್ಧ ಎಕರೆಯಷ್ಟೇ ತಂಬಾಕು ಹಾಕಿದ್ದಾರೆ, ಉಳಿದದ್ದು ಸೋಯಾ. ಅರ್ಧ ಎಕರೆ ಯಾಕೆ ಉಳಿಸಿದಿರಿ ಅಂತ ನಾನು ಕೇಳಲಿಲ್ಲ. ಸೊಸೈಟಿ ಸಾಲದ ಕಂತು ಯಾವ ತಿಂಗಳು ಬರುತ್ತದೆ ಅಂತ ನನಗೆ ಗೊತ್ತು.

ಮೊನ್ನೆ ಭಾನುವಾರ ಟ್ರಂಕಿನಿಂದ ಆಯಿಯ ಚಂಚಿ ತೆಗೆದೆ. ಎರಡು ಸಲ ತೊಳೆದಿಟ್ಟದ್ದು. ಎಲೆಯ ಕಿಸೆಯಲ್ಲಿ ಏನೂ ವಾಸನೆ ಇಲ್ಲ. ಲವಂಗದ ಕಿಸೆಯಲ್ಲಿ ಒಂದು ಎಂಟಾಣೆ ಹೊಲಿಗೆಗೆ ಸಿಕ್ಕಿಕೊಂಡಿತ್ತು, ತೊಳೆದಾಗಲೂ ಬಿದ್ದಿರಲಿಲ್ಲ. ನನ್ನ ಮಗಳು ಬಂದು ಒಳಗಿನ ಕಿಸೆಗೆ ಬೆರಳು ಹಾಕಿ ಮೂಗಿಗೆ ಹಿಡಿದಳು, ಮುಖ ಕಿವುಚಿ, "ಅಮ್ಮಾ, ಇದೇನು ಘಾಟು?" ಅಂತ ಕೇಳಿದಳು. ಅವಳನ್ನ ಪಕ್ಕಕ್ಕೆ ಕೂರಿಸಿಕೊಂಡು ವಿಜಯಪುರದ ಆ ಉದ್ದದ ಬಜಾರಿನಿಂದ ಶುರು ಮಾಡಿದೆ.